ಎರೆಮಣ್ಣಿನ ದಾರಿಯಿಂದ ಸೈಕಲ್ ಬಿಡಿಸಿದ್ದು

ವಿಜಯಪುರದಿಂದ ಬಸವನ ಬಾಗೇವಾಡಿಗೆ ಸೈಕಲ್‌ನಲ್ಲಿ ಹೋಗುವಾಗ ಹೆದ್ದಾರಿಯ ಲಾರಿಗಳ ಗೋಳು ಬೇಡವೆಂದು ಮೊಬೈಲ್‌ನ ಆ್ಯಪ್ ಒಂದರಲ್ಲಿ ಒಳದಾರಿ ಹುಡುಕುತ್ತಿದ್ದೆ. ಅದು ಪ್ರತಿ ಸಲವೂ ಹೊಲದ ಬಂಡಿಜಾಡನ್ನೇ ತೋರಿಸುತ್ತಿತ್ತು. ಬೇಸಿಗೆಯಲ್ಲಿ ಅದು ಹೇಗೋ ನಡೆಯುತ್ತದೆ. ಆದರೆ ಡೋಣಿ ನದಿ ಸೀಮೆಯ ಎರೆಮಣ್ಣು ಒಂದು ಮಳೆ ಕಂಡರೆ ಸಾಕು, ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಜೋಳಕ್ಕೆ ಒಳ್ಳೆಯ ಮಣ್ಣು, ಸೈಕಲ್‌ಗೆ ಶತ್ರು.

ಪರಿಹಾರ ಸಿಕ್ಕಿದ್ದು ಬಿರೌಟರ್ ಎಂಬ ಉಚಿತ ಜಾಲತಾಣದಲ್ಲಿ. ಇದು ಜನರೇ ಸೇರಿ ತಿದ್ದುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯಿಂದ ದಾರಿ ಲೆಕ್ಕ ಹಾಕುತ್ತದೆ. ಅಲ್ಲಿ 'ಫಾಸ್ಟ್‌ಬೈಕ್' ಆಯ್ಕೆ ಮಾಡಿದರೆ ಮಣ್ಣಿನ ದಾರಿಗಳನ್ನು ಆದಷ್ಟೂ ಬಿಟ್ಟು ಡಾಂಬರು ರಸ್ತೆ ಹಿಡಿಯುತ್ತದೆ. ಅಲ್ಲಿನ ವಿವರಪಟ್ಟಿಯಲ್ಲಿ ದಾರಿಯ ಒಂದೊಂದು ತುಂಡಿನ ಮೇಲ್ಮೈ ವಿವರವೂ ಕಾಣುತ್ತದೆ. ವಿವರ ಖಾಲಿ ಇದ್ದಲ್ಲಿ ಉಪಗ್ರಹ ಚಿತ್ರ ತೆರೆದು ನೋಡಬೇಕು. ಎರಡು ಗಾಲಿಜಾಡುಗಳ ನಡುವೆ ಹಸಿರು ಗೆರೆ ಕಂಡರೆ ಅದು ಹೊಲದ ದಾರಿಯೇ. ಅಂಥ ಜಾಗಕ್ಕೆ 'ನೋ-ಗೋ' ವೃತ್ತ, ಅಂದರೆ ಇಲ್ಲಿ ಹೋಗಬೇಡ ಎಂಬ ಗುರುತು, ಎಳೆದೆ. ದಾರಿ ತಾನಾಗಿ ಪಕ್ಕದ ಊರಿನ ರಸ್ತೆಗೆ ಸರಿಯಿತು.

ವೃತ್ತ ನನ್ನೊಬ್ಬನಿಗೆ ಮಾತ್ರ ಉಪಯೋಗ. ಅದಕ್ಕೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದು, ನಾನೇ ತುಳಿದು ನೋಡಿದ ಜಾಡುಗಳಿಗೆ ಮೇಲ್ಮೈ ಮಣ್ಣಿನದು ಎಂದು ಸೇರಿಸಿದೆ. ಊರಿನವರೇ ಮಾಡಬೇಕಾದ ಕೆಲಸ ಇದು, ಬೆಂಗಳೂರಿನಲ್ಲಿ ಕುಳಿತವರಿಗೆ ನಮ್ಮ ಹೊಲದ ದಾರಿ ಹೇಗೆ ಗೊತ್ತಾಗಬೇಕು?

ಸಿದ್ಧವಾದ ದಾರಿಯನ್ನು ಜಿಪಿಎಕ್ಸ್ (ದಾರಿಯ ಗುರುತುಗಳನ್ನು ಉಳಿಸಿಡುವ) ಕಡತವಾಗಿ ಇಳಿಸಿ, ನಕ್ಷೆ ತೋರಿಸುವ ಓಸ್ಮ್‌ಆ್ಯಂಡ್ ಆ್ಯಪ್‌ಗೆ ಹಾಕಿಕೊಂಡಿದ್ದೇನೆ. ನಕ್ಷೆಯನ್ನೂ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ.