ಇಲ್ಲದ ಊರನ್ನು ಚಿತ್ರೀಕರಿಸುವುದು: ಪ್ಯಾಲೆಸ್ತೀನಿ ಹಿರಿಯರ ಜತೆ ಸಾಕ್ಷ್ಯಚಿತ್ರದ ಕೆಲಸ

"ತಾಯ್ನಾಡು ಎಂದರೆ ನಿಮಗೇನು?" ಎಂದು ಕೇಳಿದರೆ ಭಾಷಣ ಸಿಗುತ್ತದೆ. "ಬಾವಿ ಮನೆಯ ಯಾವ ಕಡೆಗಿತ್ತು?" ಎಂದು ಕೇಳಿ, ಊರೇ ಎದ್ದು ಬರುತ್ತದೆ. 1948ರ ನಕ್ಬಾದಲ್ಲಿ (ಇಸ್ರೇಲ್ ಸ್ಥಾಪನೆಯ ಕಾಲದ ಸಾಮೂಹಿಕ ಸ್ಥಳಾಂತರ) 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. 400ಕ್ಕೂ ಹೆಚ್ಚು ಹಳ್ಳಿಗಳು ಬರಿದಾದವು. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಆಸುಪಾಸು. ಹಾಗಾಗಿ ಒಂದು ಸಲಕ್ಕೆ 40 ನಿಮಿಷದ ಮಾತು ಸಾಕು, ಉಳಿದದ್ದು ಮರುದಿನಕ್ಕೆ.

ಹೋಗುವ ಮುಂಚೆ ಬ್ರಿಟಿಷ್ ಆಡಳಿತ ಕಾಲದ 1:20,000 ನಕ್ಷೆಯಲ್ಲಿ ಅವರ ಹಳ್ಳಿಯನ್ನು ಹುಡುಕಿ ದೊಡ್ಡದಾಗಿ ಮುದ್ರಿಸಿಕೊಳ್ಳಿ. ಹೆಸರುಗಳನ್ನು ಅರಬ್ಬಿಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ. ನಕ್ಷೆ ಮೇಜಿನ ಮೇಲಿರಲಿ, ಒಂದು ಕ್ಯಾಮೆರಾ ಮೇಲಿನಿಂದ ಬೆರಳನ್ನೇ ಹಿಂಬಾಲಿಸಲಿ. ಓದು ಬಾರದವರಿಗೆ ಮಸೀದಿ, ಊಟೆ, ಕಣ ಎಲ್ಲಿದ್ದವೆಂದು ಕೇಳಿ. ದಾರಿ ಅವರೇ ಹಿಡಿಯುತ್ತಾರೆ.

ಅಂದು ಬಿಟ್ಟುಬಂದ ಮನೆಯ ಬೀಗದ ಕೈ ಪರದೆಯ ಮೇಲೆ ಸವೆದುಹೋದ ಚಿತ್ರ. ಆ ಬಾಗಿಲಿನ ಬಗ್ಗೆ ಹೇಳಲು ಏನಾದರೂ ಇದ್ದರೆ ಮಾತ್ರ ತೋರಿಸಿ. ಕುಶಾನ್ ಎನ್ನುವ ಹಳೆಯ ಭೂಪತ್ರ ಸಿಕ್ಕರೆ ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ಬೆಳಕು ಕೊಡಿ, ಇಲ್ಲವಾದರೆ ಪ್ಲಾಸ್ಟಿಕ್ ಹೊದಿಕೆ ಮಿಂಚಿ ಅಕ್ಷರ ಅಳಿಸಿಹೋಗುತ್ತದೆ. ಕಸೂತಿಯ ಥೋಬ್ (ಉದ್ದನೆಯ ನಿಲುವಂಗಿ) ಇದ್ದರೆ, ಆ ವಿನ್ಯಾಸ ಯಾವ ಸೀಮೆಯದೆಂದು ಉಟ್ಟವರ ಬಾಯಲ್ಲೇ ಹೇಳಿಸಿ.

ನಿರಾಶ್ರಿತರ ಶಿಬಿರದ ಓಣಿಗಳು ಇಕ್ಕಟ್ಟು. ಜನರೇಟರ್, ಮಕ್ಕಳು, ಸ್ಕೂಟರ್ ಎಲ್ಲವೂ ಕೋಣೆಯೊಳಗೇ ಇದ್ದಂತೆ ಕೇಳಿಸುತ್ತವೆ. ಕಾಲರ್ ಮೈಕ್ ಜತೆಗೆ ಕೋಲಿಗೆ ಕಟ್ಟಿದ ಬೂಮ್ ಮೈಕ್ ಇರಲಿ. ಧ್ವನಿ ದಾಖಲೆ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಏರು -12 ಡೆಸಿಬಲ್ ಆಸುಪಾಸು. ಫ್ರಿಜ್ ಆರಿಸಿದರೆ ನಿಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಡಿ, ಮತ್ತೆ ಹಾಕುವುದನ್ನು ಮರೆಯುವುದಿಲ್ಲ. ಎದ್ದುಹೋಗುವ ಮೊದಲು ಕೋಣೆಯ ಮೌನವನ್ನು ಒಂದು ನಿಮಿಷ ದಾಖಲಿಸಿ. ಅಲ್ಲಿನ ವಿದ್ಯುತ್ 50 ಹರ್ಟ್ಸ್, ಆದ್ದರಿಂದ 25 ಫ್ರೇಮ್, ಶಟರ್ 1/50. 1/60 ಇಟ್ಟರೆ ಟ್ಯೂಬ್‌ಲೈಟ್ ಮಿಣುಕುತ್ತದೆ.

ಪಶ್ಚಿಮ ದಂಡೆಯ ಗುರುತುಚೀಟಿಯವರು ಸಾಮಾನ್ಯವಾಗಿ ಇಸ್ರೇಲಿ ಪರವಾನಗಿಯಿಲ್ಲದೆ ಜೆರುಸಲೇಮಿಗೂ ಹೋಗುವಂತಿಲ್ಲ. ಹಾಗಾಗಿ ಊರನ್ನು ಹಿರಿಯರಿಲ್ಲದೆ ಬೇರೆಯಾಗಿ ಚಿತ್ರೀಕರಿಸಬೇಕಾಗುತ್ತದೆ. ಜೆರುಸಲೇಮಿನ ಅಂಚಿನ ಲಿಫ್ತಾದಲ್ಲಿ ಕಲ್ಲಿನ ಮನೆಗಳು ಇನ್ನೂ ನಿಂತಿವೆ. ಬಹಳಷ್ಟು ಕಡೆ ಪೈನ್ ತೋಪಷ್ಟೇ ಕಾಣುತ್ತದೆ. ಅಲ್ಲಿ ಪಾಪಾಸುಕಳ್ಳಿ ಹುಡುಕಿ. ಹಿಂದೆ ಬೇಲಿಗೆ ನೆಟ್ಟ ಕಳ್ಳಿ ಕಡಿದರೂ ಚಿಗುರುತ್ತದೆ, ಹಳೆಯ ಗಡಿ ಅದೇ ತೋರಿಸುತ್ತದೆ. ಆ ದೃಶ್ಯವನ್ನು ಕತ್ತರಿಸದೆ ಟ್ಯಾಬ್ಲೆಟ್‌ನಲ್ಲಿ ಹಿರಿಯರಿಗೆ ತೋರಿಸಿ, ಮುಖದ ಮೇಲೆ ಕ್ಯಾಮೆರಾ ಇರಲಿ. ಆದರೆ ಏನು ತೋರಿಸುತ್ತಿದ್ದೀರೆಂದು ಮೊದಲೇ ಹೇಳಿ. ಅಚ್ಚರಿಗೊಳಿಸಿ ಅಳು ತೆಗೆಯುವುದು ಕಳ್ಳತನ.

ಅನುವಾದದಲ್ಲಿ ಕೆಲಸ ಕೆಡುವುದೇ ಹೆಚ್ಚು. ಹಳ್ಳಿಯ ಆಡುಮಾತಿನಲ್ಲಿ 'ಕ' ಅನೇಕ ಕಡೆ 'ಚ' ಆಗುತ್ತದೆ. ಗ್ರಾಂಥಿಕ ಅರಬ್ಬಿ ಮಾತ್ರ ಬಲ್ಲವರು ತಪ್ಪು ಕೇಳಿಸಿಕೊಳ್ಳುತ್ತಾರೆ. ಅದೇ ಸೀಮೆಯವರಿಂದಲೇ ಬರೆಸಿ. ಊರ ಹೆಸರನ್ನು ಅವರು ಹೇಳಿದಂತೆಯೇ ಇಡಿ, ಈಗಿನ ಹೆಸರು ಹಾಕಬೇಡಿ.

ಒಪ್ಪಿಗೆ ಎರಡು ಸಲ: ಚಿತ್ರೀಕರಣಕ್ಕೆ ಮೊದಲು, ಸಂಕಲನ ನೋಡಿದ ಮೇಲೆ. ಚೆಕ್‌ಪೋಸ್ಟ್ ದಾಟುವ ಮುಂಚೆ ಚಿತ್ರೀಕರಿಸಿದ್ದರ ಎರಡು ಪ್ರತಿ, ಇಬ್ಬರ ಚೀಲದಲ್ಲಿ. ಮೂರನೆಯದು ಆ ಮನೆಯವರಿಗೆ.