ಬಾಡಿಗೆ ಕಾರು ವಾಪಸ್ ಕೊಡುವ ದಿನ ರೇಟು ನೋಡಿ ಪೆಟ್ರೋಲ್ ಹಾಕಿ

ಅಮೆರಿಕಕ್ಕೆ ಬಂದ ನಮ್ಮವರು ಬೇಗನೇ ಒಂದು ಸಲ ಫ್ಲಾರಿಡಾದ ಆರ್ಲ್ಯಾಂಡೊಗೆ ಹೋಗಿಯೇ ಹೋಗುತ್ತಾರೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ಡಿಸ್ನಿ ಬೇಕು, ಅಪ್ಪನಿಗೆ ರಾಕೆಟ್ ಹಾರಿಸುವ ಜಾಗ ನೋಡಬೇಕು. ಏರ್‌ಪೋರ್ಟಲ್ಲಿ ಇಳಿದು ಬಾಡಿಗೆ ಕಾರು ತಗೊಳ್ಳುತ್ತೀರಿ. ತಗೊಳ್ಳುವುದು ಸುಲಭ. ಲೈಸೆನ್ಸ್, ಕ್ರೆಡಿಟ್ ಕಾರ್ಡ್, ಒಂದು ಸಹಿ, ಮುಗೀತು. ನಾನು ಹೇಳಬೇಕು ಅಂದುಕೊಂಡಿರುವುದು ವಾಪಸ್ ಕೊಡುವ ದಿನದ ಬಗ್ಗೆ. ಆ ದಿನ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

2016ರ ಮಾತು. ನಾವಿದ್ದದ್ದು ಒಹಾಯೋದ ಕೊಲಂಬಸ್‌ನಲ್ಲಿ, ಈಗಲೂ ಅಲ್ಲೇ ಇದ್ದೇವೆ. ಅಪ್ಪ ಅಮ್ಮ ನಾಲ್ಕು ತಿಂಗಳು ನಮ್ಮ ಜೊತೆ ಇದ್ದು ಹೊರಡುವ ಸಮಯ. ಅದರ ಹಿಂದಿನ ವರ್ಷವಷ್ಟೇ ಎಮಿರೇಟ್ಸ್‌ನವರು ದುಬೈಯಿಂದ ಆರ್ಲ್ಯಾಂಡೊಗೆ ವಿಮಾನ ಶುರು ಮಾಡಿದ್ದರು. ಕೊನೆಯ ವಾರ ಎಲ್ಲರೂ ಆರ್ಲ್ಯಾಂಡೊದಲ್ಲಿ ಇದ್ದು, ಅಲ್ಲಿಂದಲೇ ಅವರನ್ನು ದುಬೈ ಮೇಲೆ ಬೆಂಗಳೂರಿಗೆ ಹತ್ತಿಸೋಣ ಅಂತ ಯೋಚನೆ ಮಾಡಿದೆವು. ಯೋಚನೆ ಚೆನ್ನಾಗಿಯೇ ಇತ್ತು.

ಕಾರಿನ ಕಾಗದದಲ್ಲಿ ಫುಲ್ ಟ್ಯಾಂಕ್ ತಗೊಂಡರೆ ಫುಲ್ ಟ್ಯಾಂಕೇ ಕೊಡಬೇಕು ಅಂತ ಇತ್ತು. ನಾನು ಸರಿ, ಏರ್‌ಪೋರ್ಟ್ ಬಾಗಿಲಲ್ಲೇ ಹಾಕಿಸಿದರೆ ಮುಳ್ಳು ಫುಲ್‌ನಲ್ಲೇ ನಿಂತಿರುತ್ತೆ ಅಂದುಕೊಂಡೆ. ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಆ ಬಂಕ್‌ನವರಿಗೂ ಅದು ಗೊತ್ತು. ವಿಮಾನಕ್ಕೆ ಹೊತ್ತಾಗಿದೆ, ಹಿಂದಿನ ಸೀಟಲ್ಲಿ ಮಕ್ಕಳು ಅಳುತ್ತಿವೆ, ಇವನು ಮುಂದಿನ ಬಂಕ್ ಹುಡುಕಿಕೊಂಡು ಹೋಗಲ್ಲ, ನಾಳೆ ಇದೇ ಗಿರಾಕಿ ಮತ್ತೆ ಬರುವುದೂ ಇಲ್ಲ. ಈ ವ್ಯಾಪಾರ ನಿಂತಿರುವುದೇ ಇದರ ಮೇಲೆ.

ಬಂಕಿಗೆ ಕಾರು ನಿಲ್ಲಿಸಿದೆ. ಅಪ್ಪನೂ ಇಳಿದರು. ಅರಸೀಕೆರೆಯಲ್ಲಿ ಮೂವತ್ತು ವರ್ಷ ಸ್ಕೂಟರ್ ಓಡಿಸಿದವರು ಅವರು. ಬಂಕ್ ಅಂದರೆ ಇಳಿದು ನಿಲ್ಲಬೇಕು, ಹುಡುಗ "ಜೀರೋ ನೋಡಿ ಸಾರ್" ಅನ್ನಬೇಕು, ಇವರು ಬಗ್ಗಿ ನೋಡಿ ತಲೆ ಆಡಿಸಬೇಕು. ಇಲ್ಲಿ ಹುಡುಗ ಯಾರೂ ಇರಲಿಲ್ಲ. ಅದಕ್ಕೆ ಅವರೇ ಪಂಪಿನ ಮುಂದೆ ಕೈ ಕಟ್ಟಿ ನಿಂತು, ಕನ್ನಡಕ ಸ್ವಲ್ಪ ಮೇಲೆತ್ತಿ, "ಜೀರೋ ಇದೆ, ಹಾಕೋ" ಅಂದರು. ನಾನು ಹಾಕಿದೆ. 11 ಗ್ಯಾಲನ್ ಹೋಯಿತು. ನಿಂತಾಗ ನೋಡಿದರೆ 65 ಡಾಲರ್ 89 ಸೆಂಟ್. ಅಂದರೆ ಗ್ಯಾಲನ್‌ಗೆ 5 ಡಾಲರ್ 99. ಆ ವಾರವೆಲ್ಲ ನಾನು ಊರೊಳಗೆ 2 ಡಾಲರ್ ಚಿಲ್ಲರೆಗೆ ಹಾಕಿದ್ದೆ.

ಜೀರೋ ನಾವಿಬ್ಬರೂ ನೋಡಿದ್ದೆವು. ರೇಟು ಇಬ್ಬರೂ ನೋಡಿರಲಿಲ್ಲ.

ಇದು ಯಾಕೆ ಹೀಗಾಯ್ತು ಅಂತ ಆಮೇಲೆ ತುಂಬಾ ಯೋಚನೆ ಮಾಡಿದ್ದೇನೆ. ನಮ್ಮೂರಲ್ಲಿ ರೇಟು ನೋಡುವ ಅಭ್ಯಾಸವೇ ಇಲ್ಲ ಅಲ್ವಾ? ಒಂದೇ ಊರಿನ ಎರಡು ಬಂಕ್‌ಗೆ ಇರುವ ವ್ಯತ್ಯಾಸ ಕೆಲವು ಪೈಸೆ. ಬಹುಪಾಲು ಬಂಕ್‌ಗಳು ಸರ್ಕಾರಿ ತೈಲ ಕಂಪನಿಗಳದ್ದು. ನಮ್ಮ ಭಯ ಇರುವುದು ಅಳತೆ ಬಗ್ಗೆ. ಕಡಿಮೆ ಹಾಕಿಬಿಡುತ್ತಾರೆ, ಮೀಟರ್ ಜೀರೋ ಮಾಡಲ್ಲ, ಅಷ್ಟೆ. ಇಲ್ಲಿ ಅಳತೆಯಲ್ಲಿ ಮೋಸ ಆಗಿದ್ದು ನಾನಂತೂ ಕಂಡಿಲ್ಲ. ಆದರೆ ರೇಟು ಆಯಾ ಬಂಕ್‌ನವರ ಇಷ್ಟ. ಫ್ಲಾರಿಡಾದಲ್ಲಿ ವಿಪರೀತ ಬೆಲೆ ಏರಿಸುವುದರ ವಿರುದ್ಧ ಕಾನೂನು ಇದೆ, ಆದರೆ ಅದು ಚಂಡಮಾರುತದಂಥ ತುರ್ತು ಸ್ಥಿತಿ ಘೋಷಣೆ ಆದಾಗ ಮಾತ್ರ. ಮಾಮೂಲಿ ದಿನದಲ್ಲಿ ಮೂರು ಪಟ್ಟು ಹಾಕಿದರೂ ಅದು ಅಪರಾಧ ಅಲ್ಲ. ಆರ್ಲ್ಯಾಂಡೊ ಏರ್‌ಪೋರ್ಟ್ ಸುತ್ತ ಈ ಗಲಾಟೆ ಎಷ್ಟು ಜೋರಾಯಿತು ಅಂದರೆ, ರಸ್ತೆಗೆ ಕಾಣುವ ಹಾಗೆ ದರದ ಬೋರ್ಡ್ ಹಾಕಲೇಬೇಕು ಅಂತ ನಗರದವರೇ ನಿಯಮ ಮಾಡಬೇಕಾಯಿತು, ಅದು ಕೋರ್ಟಿನವರೆಗೂ ಹೋಯಿತು. ಹಾಗಾಗಿ ಮೊದಲ ಪಾಠ ಇದೇ: ರಸ್ತೆಯಿಂದ ದರ ಕಾಣದ ಬಂಕಿಗೆ ಕಾರು ತಿರುಗಿಸಲೇಬೇಡಿ. ಒಳಗೆ ಹೋಗಿಬಿಟ್ಟಿದ್ದರೂ ಪರವಾಗಿಲ್ಲ. ಪಂಪಿನ ಮೇಲೆ ಗ್ಯಾಲನ್ ದರ ಓದಿ, ಜಾಸ್ತಿ ಅನ್ನಿಸಿದರೆ ಪೈಪು ಮುಟ್ಟದೆ ವಾಪಸ್ ಬನ್ನಿ. ಯಾರೂ ಏನೂ ಅನ್ನಲ್ಲ.

ನಾನು ಆ ದಿನ ಒಳಗೆ ಜಗಳಕ್ಕೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಏನೂ ಮಾತಾಡದೆ ಕಿಟಕಿಯಾಚೆ ಪಂಪಿನ ಕಡೆ ಬೆರಳು ತೋರಿಸಿದ. ರೇಟು ಅಲ್ಲಿ ಇದ್ದೇ ಇತ್ತು, ಚಿಕ್ಕ ಅಂಕಿಯಲ್ಲಿ. ಆ ಹುಡುಗನದೇನು ತಪ್ಪು, ಅವನು ಸಂಬಳಕ್ಕೆ ಇದ್ದವನು. ಅವನ ಮೇಲೆ ಕೂಗಾಡಿದ್ದಕ್ಕೆ ನನಗೆ ಈಗಲೂ ಬೇಜಾರಿದೆ. ಕಾಲು ಗಂಟೆ ಹೋಯಿತು. ಹೊರಗೆ ಬಂದರೆ ಅಪ್ಪ ಮೆಲ್ಲಗೆ, "ನಮ್ಮ ದುಡ್ಡಲ್ಲಿ ಎಷ್ಟಾಯ್ತೋ?" ಅಂದರು. ನಾಲ್ಕು ಸಾವಿರದ ನಾನೂರು ಅಂದೆ. ಅವರು ಆಮೇಲೆ ಮಾತೇ ಆಡಲಿಲ್ಲ. ನನ್ನಿಂದ ಮಗನಿಗೆ ಖರ್ಚು ಅಂತ ನಾಲ್ಕು ತಿಂಗಳೂ ಅಂದುಕೊಂಡೇ ಇದ್ದ ಮನುಷ್ಯ.

ಸರಿ, ಮಾಡಬೇಕಾದ್ದು ಏನು ಅಂತ ಹೇಳಿಬಿಡುತ್ತೇನೆ. ಟ್ಯಾಂಕ್ ತುಂಬಿಸಲು ಏರ್‌ಪೋರ್ಟ್ ಬಾಗಿಲವರೆಗೆ ಕಾಯಬೇಡಿ. ಟ್ಯಾಂಕ್ ತುಂಬಿದ ಮೇಲೆ ಹದಿನೈದು ಇಪ್ಪತ್ತು ಮೈಲಿ ಓಡಿಸಿದರೂ ಬಹಳಷ್ಟು ಕಾರುಗಳಲ್ಲಿ ಮುಳ್ಳು ಫುಲ್‌ನಿಂದ ಅಲುಗಲ್ಲ. ಡಿಸ್ನಿಯಿಂದ ಏರ್‌ಪೋರ್ಟಿಗೆ ಇರುವುದೇ ಸುಮಾರು 20 ಮೈಲಿ. ಡಿಸ್ನಿ ಜಾಗದ ಒಳಗೇ ಬಂಕ್ ಇವೆ, ಅಲ್ಲಿ ಎಲ್ಲವೂ ದುಬಾರಿ ಅಂತ ಹೆದರಬೇಡಿ, ಪೆಟ್ರೋಲ್ ದರ ಊರಿನ ಆಸುಪಾಸಲ್ಲೇ ಇರುತ್ತೆ. ಇಂಟರ್‌ನ್ಯಾಷನಲ್ ಡ್ರೈವ್ ಕಡೆ ಉಳಿದುಕೊಂಡಿದ್ದರೆ 528ನೇ ರಸ್ತೆ ಹತ್ತುವ ಮುಂಚೆಯೇ ಮುಗಿಸಿ. ಕ್ಯಾಸಲ್‌ಬೆರಿಯ ಹಿಂದೂ ದೇವಸ್ಥಾನಕ್ಕೆ ಹೋಗಿ ಹಾಗೇ ಏರ್‌ಪೋರ್ಟಿಗೆ ಬರುವವರು ಸೆಮೊರನ್ ರಸ್ತೆಯಲ್ಲಿ ಇಳಿದು ಬರುತ್ತೀರಿ (ಸೆಮಿನೋಲ್ ಮತ್ತು ಆರೆಂಜ್ ಎರಡೂ ಕೌಂಟಿ ಸೇರಿಸಿ ಇಟ್ಟ ಹೆಸರು ಅದು), ಏರ್‌ಪೋರ್ಟ್ ಇನ್ನೂ ಐದಾರು ಮೈಲಿ ಇರುವಾಗಲೇ ಬಲಕ್ಕೆ ಎಡಕ್ಕೆ ಬೋರ್ಡ್ ಓದಿಕೊಂಡು ಬನ್ನಿ. ಫೋನಲ್ಲಿ ಗ್ಯಾಸ್‌ಬಡ್ಡಿ ಅನ್ನೋ ಆ್ಯಪ್ ಹಾಕಿಕೊಂಡರೆ ಹತ್ತಿರದ ದರವೆಲ್ಲ ಒಟ್ಟಿಗೆ ಕಾಣುತ್ತೆ. ರಸೀದಿ ಇಟ್ಟುಕೊಳ್ಳಿ, ಕಾರು ಬಿಡುವ ಮುಂಚೆ ಮುಳ್ಳಿನ ಒಂದು ಫೋಟೋ ತೆಗೆದುಕೊಳ್ಳಿ.

ತುಂಬಿಸದೇ ಹಾಗೇ ಕೊಟ್ಟರೆ ಬಾಡಿಗೆಯವರು ತಾವೇ ತುಂಬಿಸಿ ಗ್ಯಾಲನ್‌ಗೆ ಇನ್ನೂ ಜಾಸ್ತಿ ಹಾಕುತ್ತಾರೆ. ಮೊದಲೇ ಒಂದು ಟ್ಯಾಂಕಿನ ದುಡ್ಡು ಕಟ್ಟಿಬಿಡಿ ಅಂತಲೂ ಕೌಂಟರಿನಲ್ಲಿ ಕೇಳುತ್ತಾರೆ. ಅದರಲ್ಲಿ ಉಳಿದ ಪೆಟ್ರೋಲಿಗೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರಲ್ಲ, ಹಾಗಾಗಿ ಪೂರ್ತಿ ಖಾಲಿ ಮಾಡಿ ಕೊಡುವವರಿಗೆ ಮಾತ್ರ ಲೆಕ್ಕ ಸರಿಹೋಗುತ್ತೆ. ಬೆಳಗಿನ ಜಾವದ ವಿಮಾನ, ಜೊತೆಗೆ ಕೈಗೂಸು, ಅಂಥವರು ತಗೊಂಡರೆ ತಪ್ಪು ಅನ್ನಲ್ಲ.

ಪೂರ್ತಿ ಹೊಸಬರಿಗೆ ಇನ್ನೆರಡು ಮಾತು. ಪಂಪು ಜಿಪ್ ಕೋಡ್ (ನಮ್ಮ ಪಿನ್‌ಕೋಡ್ ಇದ್ದ ಹಾಗೆ) ಕೇಳುತ್ತೆ. ಭಾರತದ ಕಾರ್ಡ್ ಆದರೆ ಬಹಳ ಸಲ ಅಲ್ಲಿ ಒಪ್ಪಲ್ಲ, ಒಳಗೆ ಹೋಗಿ ಪಂಪ್ ನಂಬರ್ ಹೇಳಿ ಮೊದಲೇ ದುಡ್ಡು ಕೊಡಿ. ಡೆಬಿಟ್ ಕಾರ್ಡ್ ಹಾಕಿದರೆ ನೀವು ತುಂಬಿಸಿದ್ದಕ್ಕಿಂತ ಜಾಸ್ತಿ ದುಡ್ಡು ಸ್ವಲ್ಪ ಹೊತ್ತು, ಒಮ್ಮೊಮ್ಮೆ ದಿನಗಟ್ಟಲೆ, ತಡೆದಿಡುತ್ತಾರೆ. ಖಾತೆಯಲ್ಲಿ ಕಡಿಮೆ ಇರುವ ಮೊದಲ ತಿಂಗಳಲ್ಲಿ ಇದು ಕಷ್ಟ ಕೊಡುತ್ತೆ. ನಗದಿಗೆ ಒಂದು ದರ, ಕಾರ್ಡಿಗೆ ಒಂದು ದರ ಇರಬಹುದು, ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ಹೆಚ್ಚಾಗಿ ಕಡಿಮೆಯದ್ದೇ. ಮಾಮೂಲಿ ಕಾರಿಗೆ 87 ಅಂತ ಬರೆದಿರುವ (ಆಕ್ಟೇನ್ ನಂಬರ್) ಪೆಟ್ರೋಲ್ ಸಾಕು. ಡೀಸೆಲ್ ಪೈಪು ಹಸಿರು ಅಂತ ಯಾರಾದರೂ ಹೇಳಿದರೆ ಬಣ್ಣ ನಂಬಬೇಡಿ, ಪೆಟ್ರೋಲಿಗೂ ಹಸಿರು ಪೈಪು ಇಡುವ ಬಂಕ್ ಇವೆ, ಹೆಸರು ಓದಿ ಹಾಕಿ. ಟೋಲ್ ವಿಷಯ ಕಾರು ತಗೊಳ್ಳುವಾಗಲೇ ಕೇಳಿಕೊಳ್ಳಿ, ಟೋಲಿನ ಮೇಲೆ ಅವರ ದಿನದ ಚಾರ್ಜ್ ಬೇರೆ ಬೀಳುತ್ತೆ.

ದುಡ್ಡು ಜಾಸ್ತಿ ಹೋದದ್ದು ಸುಮಾರು ನಲವತ್ತು ಡಾಲರ್. ಅದು ಆ ತಿಂಗಳೇ ಮರೆತುಹೋಗುತ್ತಿತ್ತು. ನನಗೆ ಮರೆಯಕ್ಕೆ ಆಗದೇ ಇರುವುದು ಬೇರೆ. ಅಮ್ಮ ಬೆಳಿಗ್ಗೆ ಬೇಗ ಎದ್ದು, ನಾವಿದ್ದ ಮನೆಯ ಆ ಚಿಕ್ಕ ಒಲೆಯಲ್ಲಿ ಚಪಾತಿ ಮಾಡಿ, ಹುರಳಿ ಚಟ್ನಿಪುಡಿ ತುಪ್ಪದಲ್ಲಿ ಕಲಸಿ ಡಬ್ಬಿಗೆ ಹಾಕಿಕೊಂಡಿದ್ದರು. ಏರ್‌ಪೋರ್ಟಲ್ಲಿ ಎಲ್ಲರೂ ಕೂತು ತಿನ್ನೋಣ ಅಂತ. ಬಂಕ್ ಜಗಳ, ಕಾರು ವಾಪಸ್ ಕೊಡುವ ಸಾಲು, ಎಲ್ಲ ಸೇರಿ ಕೂರಲು ಹೊತ್ತೇ ಉಳಿಯಲಿಲ್ಲ. ಸೆಕ್ಯೂರಿಟಿ ಸಾಲಿನ ಹತ್ತಿರ ಅಮ್ಮ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು "ನೀವೇ ತಿನ್ನಿ" ಅಂದರು. ಅಪ್ಪ ತಿರುಗಿ ನೋಡಿ ಕೈ ಎತ್ತಿದರು, ನಾನು ಇನ್ನೂ ಆ 65 ಡಾಲರ್ ಸಿಟ್ಟಲ್ಲೇ ಇದ್ದೆ. ಅಪ್ಪನಿಗೆ ಆಮೇಲೆ ಮಂಡಿ ಆಪರೇಷನ್ ಆಯಿತು, ಇಷ್ಟು ದೂರ ಮತ್ತೆ ಬರಲಾಗಲಿಲ್ಲ. ನಾವು ವರ್ಷಕ್ಕೋ ಎರಡು ವರ್ಷಕ್ಕೋ ಹೋಗಿ ಬರುತ್ತೇವೆ. ದೂರ ಇರುವ ನಮ್ಮಂಥವರಿಗೆ ಅಪ್ಪ ಅಮ್ಮನ ಜೊತೆ ಸಿಗುವ ಗಂಟೆಗಳು ಎಣಿಸಿದಷ್ಟು. ಅದರಲ್ಲೂ ಹೊರಡುವ ಮುಂಚಿನ ಆ ಒಂದು ಗಂಟೆಗೆ ಏನೂ ಕೆಲಸ ಇಟ್ಟುಕೊಳ್ಳಬೇಡಿ. ಟ್ಯಾಂಕ್ ಹಿಂದಿನ ರಾತ್ರಿಯೇ ತುಂಬಿಸಿಬಿಡಿ.

ಈಗ ನಾವು ಎಲ್ಲಿಗೆ ಹೋದರೂ ರೇಟು ಓದುವ ಕೆಲಸ ಮಗಳದು. ನಾನು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಇದೊಂದನ್ನು ಮಾತ್ರ ಕನ್ನಡದಲ್ಲೇ ಓದಬೇಕು ಅಂತ ಚಿಕ್ಕವಳಿದ್ದಾಗ ಮಾಡಿದ ನಿಯಮ, ಇವತ್ತಿಗೂ ಪಾಲಿಸುತ್ತಾಳೆ. ಹಿಂದಿನ ಸೀಟಿಂದ "ಮೂರು, ಹತ್ತೊಂಬತ್ತು", "ಮೂರು, ಇಪ್ಪತ್ತೈದು" ಅಂತ ಕೂಗುತ್ತಾ ಬರುತ್ತಾಳೆ. ತೊಂಬತ್ತಕ್ಕೂ ಒಂಬತ್ತಕ್ಕೂ ಇನ್ನೂ ಗೊಂದಲ ಮಾಡಿಕೊಳ್ಳುತ್ತಾಳೆ. ಹೋದ ಸಲ ಫೋನ್ ಸ್ಪೀಕರಿನಲ್ಲಿತ್ತು, ಅರಸೀಕೆರೆಯಿಂದ ಅಪ್ಪ ಕೇಳಿಸಿಕೊಂಡು, "ತೊಂಬತ್ತೊಂಬತ್ತು ಅನ್ನು ಪುಟ್ಟಿ, ಇನ್ನೊಂದು ಸಲ ಹೇಳು" ಅಂದರು. ಬಂಕ್ ದಾಟಿ ಹೋಗಿತ್ತು. ಅವಳು ಇನ್ನೊಂದು ಸಲ ಹೇಳಿದಳು.