ಬೋರ್ಡೋ ಡ್ರಮ್ಮಿಗೆ ಒಂದು ಗಾಡಿ, ಅದೂ ಎರಡು ಸಲ ಕಟ್ಟಿದ್ದು

ನಮ್ಮದು ಹಿರಿಯಡ್ಕದಿಂದ ಸ್ವಲ್ಪ ಒಳಗೆ, ಎರಡೂವರೆ ಎಕರೆ ಅಡಿಕೆ ತೋಟ. ಮನೆ ಮೇಲೆ, ತೋಟ ಕೆಳಗೆ. ನಡುವೆ ಮುರಕಲ್ಲಿನ ದರೆ ಕಡಿದು ಮಾಡಿದ ಇಳಿಜಾರು ದಾರಿ, ಆಮೇಲೆ ತೋಡಿಗೆ ಹಾಕಿದ ಒಂದು ಕಲ್ಲಿನ ಸಂಕ, ಅಂದರೆ ಸಣ್ಣ ಸೇತುವೆ. ಈ ಸಂಕದ ವಿಷಯ ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಉಡುಪಿಯ ಮಳೆ ಅಂದ್ರೆ ಗೊತ್ತಲ್ವಾ, ವರ್ಷಕ್ಕೆ 4000 ಮಿಲಿಮೀಟರ್ ಹತ್ತಿರ. ಮೇ ಕೊನೆಗೆ ಒಂದು ಸಲ ಬೋರ್ಡೋ, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಮದ್ದು, ಹೊಡೆಯಲೇಬೇಕು. 40-45 ದಿನ ಬಿಟ್ಟು, ಜುಲೈಯಲ್ಲಿ ಸ್ವಲ್ಪ ಹೊಳವಾದಾಗ, ಇನ್ನೊಂದು ಸಲ. ತಪ್ಪಿದರೆ ಕೊಳೆರೋಗ ಬಂದು ಕಾಯೆಲ್ಲ ಬುಡದಲ್ಲಿ. ನೂರು ವರ್ಷದ ಹಿಂದೆ ಮೈಸೂರು ಸೀಮೆಯಲ್ಲಿ ಕೋಲ್ಮನ್ ಅನ್ನುವ ವಿಜ್ಞಾನಿ ಈ ರೋಗಕ್ಕೆ ಬೋರ್ಡೋ ಹೊಡೆಯಿರಿ ಅಂತ ಹೇಳಿದ್ದು, ಇವತ್ತಿಗೂ ನಾವು ಅದನ್ನೇ ಹೊಡೆಯುತ್ತಿದ್ದೇವೆ. ಮದ್ದು ಬದಲಾಗಿಲ್ಲ, ಹೊಡೆಯುವ ಸಾಮಾನು ಮಾತ್ರ ಬದಲಾಯಿತು.

ಅಪ್ಪನ ಕಾಲದಲ್ಲಿ ಗಟಾರ್ ಪಂಪು. ಒಬ್ಬ ಮರದ ಮೇಲೆ, ಕೆಳಗೆ ಇಬ್ಬರು ಪಂಪು ಎಳೆಯೋದು. ಈಗ ಮರ ಹತ್ತುವವರು ಸಿಗೋದೇ ಕಷ್ಟ, ಹಾಗಾಗಿ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ತಂದೆವು. ನೆಲದಲ್ಲೇ ನಿಂತು ಹೊಡೆಯಬಹುದು. ಆದರೆ ಅದಕ್ಕೆ ಪೆಟ್ರೋಲ್ ಎಂಜಿನ್ ಬೇಕು, ಮದ್ದನ್ನು ಜೋರಾಗಿ ಮೇಲಕ್ಕೆ ತಳ್ಳುವ ಎಚ್‌ಟಿಪಿ ಪಂಪು ಬೇಕು, 100 ಮೀಟರ್ ಹೋಸು ಬೇಕು, 200 ಲೀಟರಿನ ಡ್ರಮ್ಮು ಬೇಕು. ಇದನ್ನೆಲ್ಲ ತೋಟದ ಮೂಲೆಮೂಲೆಗೆ ಹೊರುವವರು ಯಾರು? ಮನೆಯಲ್ಲಿ ಹಳೇ ಮಿನಿ ಟ್ರ್ಯಾಕ್ಟರ್ ಇತ್ತು. ಅದರ ಹಿಂದೆ ಒಂದು ಗಾಡಿ ಕಟ್ಟಿಸಿದರಾಯಿತು ಅಂದುಕೊಂಡೆ.

ಮೊದಲ ಗಾಡಿಗೆ ನಾನು ತೆಗೆದುಕೊಂಡ ಅಳತೆ ಡ್ರಮ್ಮಿನದ್ದು. ಎರಡು ಡ್ರಮ್ಮು ಪಕ್ಕ ಪಕ್ಕ ಕೂರಬೇಕು, ಹಿಂದೆ ಎಂಜಿನ್ ಕೂರಬೇಕು, ಅಷ್ಟೇ. ಡ್ರಮ್ಮು ಒಂದೊಂದು ಹತ್ತಿರ ಹತ್ತಿರ ಎರಡು ಅಡಿ ಅಗಲ, ಅಂದರೆ ಡ್ರಮ್ಮು ಕೂರುವ ತಟ್ಟೆ ನಾಲ್ಕು ಅಡಿ. ಚಕ್ರ ಹೊರಗೆ ಬಂದರೆ ಸಂಕ ದಾಟುವುದಿಲ್ಲ ಅಂತ ತಟ್ಟೆಯ ಅಡಿಗೆ ಹಾಕಿಸಿದೆ. ತಟ್ಟೆ ನೆಲದಿಂದ ಎರಡಡಿ ಮೇಲೆ ಹೋಯಿತು, ಅದರ ಮೇಲೆ ಮೂರಡಿ ಎತ್ತರದ ಡ್ರಮ್ಮು. ನೋಡಲಿಕ್ಕೆ ತೇರಿನ ಹಾಗೆ. ವೆಲ್ಡಿಂಗಿನವರು ಆಗಲೇ ಹೇಳಿದ್ದರು, "ಮಾರಾಯ್ರೆ, ಇದು ಸ್ವಲ್ಪ ಎತ್ತರ ಆಗ್ಲಿಲ್ವಾ?" ನಾನು ಕೇಳಲಿಲ್ಲ.

ಮೊದಲನೇ ದಿನವೇ ಗೊತ್ತಾಯಿತು. ಎಂಜಿನ್ ಹಿಂದೆ ಇಟ್ಟದ್ದರಿಂದ ಭಾರವೆಲ್ಲ ಆಕ್ಸಲಿನ ಹಿಂದೆ. ಗಾಡಿ ಹಿಂದಕ್ಕೆ ವಾಲುತ್ತದೆ, ಮೂಕಿ (ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಕಂಬ) ಮೇಲಕ್ಕೆ ಏಳುತ್ತದೆ, ಟ್ರ್ಯಾಕ್ಟರಿನ ಹಿಂದಿನ ಚಕ್ರವನ್ನೂ ಎತ್ತಲಿಕ್ಕೆ ನೋಡುತ್ತದೆ. ಏರಿನಲ್ಲಿ ಚಕ್ರ ಸುಮ್ನೆ ತಿರುಗಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಮೂರನೇ ದಿನ ಕಣಿಯ (ತೋಟದ ನೀರು ಹೋಗುವ ಕಾಲುವೆಯ) ಬದಿಯಲ್ಲಿ ತಿರುಗಿಸುವಾಗ, ಡ್ರಮ್ಮು ಅರ್ಧ ಖಾಲಿ ಇತ್ತು, ಒಳಗಿದ್ದ ನೀರು ಒಂದು ಬದಿಗೆ ನುಗ್ಗಿದ್ದೇ ತಡ, ಗಾಡಿ ನಿಧಾನಕ್ಕೆ, ಎಮ್ಮೆ ಮಲಗಿದ ಹಾಗೆ ಮಲಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಣಿಯುದ್ದಕ್ಕೂ ನೀಲಿ ನೀರು. ತಾಮ್ರ ಮೀನಿಗೆ ವಿಷ, ಕಣಿಯ ನೀರು ತೋಡಿಗೇ ಹೋಗುವುದು. ಮಣ್ಣು ಹಾಕಿ ಕಟ್ಟ ಕಟ್ಟಿ ನಿಲ್ಲಿಸುವಷ್ಟರಲ್ಲಿ ಸಂಜೆ ಆಯಿತು. ತುಂಬಿದ ಡ್ರಮ್ಮಿಗಿಂತ ಅರ್ಧ ಡ್ರಮ್ಮು ಜಾಸ್ತಿ ಅಪಾಯ ಅಂತ ಆವತ್ತು ಗೊತ್ತಾಯಿತು.

ಹೀಗೇ ತಿಪ್ಪರಲಾಗ ಹಾಕುತ್ತಾ ಎರಡು ವರ್ಷ ದೂಡಿದೆ. ಗಾಡಿಯನ್ನು ಮುಗಿಸಿದ್ದು ಮಾತ್ರ ಮೈಲುತುತ್ತು. ತಟ್ಟೆಗೆ ಕಬ್ಬಿಣದ ಶೀಟು ಹಾಕಿಸಿದ್ದೆ. ಮೈಲುತುತ್ತು ಕರಗಿಸಿದ ನೀರು ಚೆಲ್ಲಿದಲ್ಲೆಲ್ಲ ಕಬ್ಬಿಣ ತಿಂದುಹೋಗಿತ್ತು. ಒಂದು ಬೋಲ್ಟು ಬಿಚ್ಚಿ ಬಟ್ಟೆಯಲ್ಲಿ ಒರೆಸಿದೆ, ತಾಮ್ರದ ತಂಬಿಗೆ ತೊಳೆದ ಹಾಗೆ ಕೆಂಪಗೆ ಹೊಳೆಯಿತು. ಮೇಲೆ ತೆಳುವಾಗಿ ತಾಮ್ರ ಕೂತಿದೆ, ಒಳಗಿನ ಮರೆ (ಬೋಲ್ಟಿನ ಥ್ರೆಡ್ಡು) ಅರ್ಧ ಇಲ್ಲ. ಆಶ್ಚರ್ಯ ಪಡಬೇಕಾದ್ದೇನೂ ಇಲ್ಲ. ಬೋರ್ಡೋ ಸರಿ ಆಗಿದೆಯೋ ಅಂತ ನಾವು ಚೂರಿ ಅದ್ದಿ ನೋಡುವುದು ಇದಕ್ಕೇ ಅಲ್ವಾ? ಚೂರಿ ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ವರ್ಷ ವರ್ಷ ಚೂರಿಯಲ್ಲಿ ನೋಡುವುದನ್ನು ಇಡೀ ಗಾಡಿಗೆ ಮಾಡಿಬಿಟ್ಟಿದ್ದೆ. ಸುಣ್ಣ ಸರಿಯಾಗಿ ಬೆರೆತ ಮೇಲೆ ಅಷ್ಟು ತೊಂದರೆ ಇಲ್ಲ. ಬೆರೆಸುವ ಮುಂಚಿನ ಬರೀ ಮೈಲುತುತ್ತಿನ ನೀರೇ ಕಬ್ಬಿಣದ ಶತ್ರು.

ಎರಡನೇ ಸಲ ಡ್ರಮ್ಮು ಬಿಟ್ಟು ಮೊದಲು ತೋಟ ಅಳೆದೆ. ಸಂಕ 54 ಇಂಚು. ಅಡಿಕೆ ಮರದ ನಡುವೆ ಒಂಬತ್ತು ಅಡಿ, ಆದರೆ ನಡುವೆ ಕಣಿ ಇರುವುದರಿಂದ ಗಾಡಿಗೆ ಸಿಗುವುದು ಅಷ್ಟಿಲ್ಲ. ಆಮೇಲೆ ಒಂದು ಕೆಲಸ ಮಾಡಿದೆ, ಇದು ನನಗೆ ಈಗಲೂ ಖುಷಿ ಕೊಡುವ ಕೆಲಸ: ಅಡಿಕೆ ಮರ ಸೀಳಿದ ಸಲಾಕೆಯಲ್ಲಿ ಗಾಡಿಯಷ್ಟೇ ದೊಡ್ಡ ಚೌಕಟ್ಟು ಕಟ್ಟಿ, ಹಳೇ ಸೈಕಲಿನ ಎರಡು ಚಕ್ರ ಸಿಕ್ಕಿಸಿ, ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಇಡೀ ತೋಟ ಸುತ್ತಿದೆ. ಹೆಂಡತಿ ಹಿಂದಿನಿಂದ ನಡೆದುಕೊಂಡು ಬಂದು ಎಲ್ಲೆಲ್ಲಿ ಮರಕ್ಕೆ ತಾಗುತ್ತದೆ ಅಂತ ಕೂಗುತ್ತಿದ್ದಳು. ಮೂಕಿ ಉದ್ದ ಜಾಸ್ತಿಯಾದರೆ ಗಾಡಿ ತಿರುವಿನಲ್ಲಿ ಒಳಗೆ ಕತ್ತರಿಸಿ ಮರದ ಬುಡಕ್ಕೆ ಉಜ್ಜುತ್ತದೆ. ಗಿಡ್ಡವಾದರೆ ಪೂರ್ತಿ ತಿರುಗಿಸಿದಾಗ ಟ್ರ್ಯಾಕ್ಟರಿನ ಟೈರು ಗಾಡಿಯ ಮೂಲೆಗೆ ತಾಗುತ್ತದೆ, ರಿವರ್ಸ್ ತೆಗೆಯುವಾಗಂತೂ ಒಂದೇ ಕ್ಷಣಕ್ಕೆ ಮಡಚಿಕೊಳ್ಳುತ್ತದೆ. ನಾಲ್ಕು ಸಲ ಸಲಾಕೆ ಬಿಚ್ಚಿ ಕಟ್ಟಿದ ಮೇಲೆ ಅಳತೆ ಸಿಕ್ಕಿತು. ಆಕ್ಸಲಿನಿಂದ ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್ನಿಗೆ 80 ಇಂಚು. ನನ್ನ ತೋಟಕ್ಕೆ, ನನ್ನ ಟ್ರ್ಯಾಕ್ಟರಿಗೆ.

ಈ ಸಲ ಡ್ರಮ್ಮು ಒಂದರ ಹಿಂದೆ ಒಂದು. ಚಕ್ರ ತಟ್ಟೆಯ ಹೊರಗೆ, ಆದರೂ ಒಟ್ಟು ಅಗಲ 42 ಇಂಚೇ. ಗುಜರಿಯಲ್ಲಿ ಹಳೇ ವ್ಯಾನಿನ 12 ಇಂಚಿನ ಎರಡು ಚಕ್ರ ಹಬ್ ಸಮೇತ ಸಿಕ್ಕಿತು, ಲೇತಿನವರು ಅದಕ್ಕೆ ಸರಿಯಾಗಿ 50 ಮಿಲಿಮೀಟರ್ ಶಾಫ್ಟು ಕಡೆದು ಕೊಟ್ಟರು. ಆ ಶಾಫ್ಟು ಚೌಕಟ್ಟಿನ ಅಡಿಯಲ್ಲಿ ಹೋಗುವುದಿಲ್ಲ, ಮೇಲಿನಿಂದ, ಎರಡು ಡ್ರಮ್ಮುಗಳ ಸಂದಿಯಲ್ಲಿ ಹೋಗುತ್ತದೆ. ಹಾಗಾಗಿ ತಟ್ಟೆ ನೆಲದಿಂದ 11 ಇಂಚಿಗೆ ಇಳಿಯಿತು. ಕೆಳಗೆ ಕಲ್ಲು ತಾಗುತ್ತದೆ ಅಂತ ಹೆದರಿಕೆ ಇತ್ತು, ಎರಡು ಕಡೆ ಬಿಟ್ಟರೆ ತಾಗಿಲ್ಲ. ಮೂಕಿಗೆ ಮೂರು ಇಂಚಿನ ಚಾನೆಲ್, ಉಳಿದದ್ದು ಆಂಗಲ್. ತಟ್ಟೆಗೆ ಶೀಟು ಬೇಡವೇ ಬೇಡ ಅಂತ ಹಳೇ ಮನೆ ಕೆಡವಿದಾಗ ಉಳಿದ ಬೋಗಿ ಮರದ ಹಲಗೆ ಹಾಕಿದೆ, ನಡುವೆ ಬೆರಳು ಹೋಗುವಷ್ಟು ಸಂದಿ ಬಿಟ್ಟು. ಚೆಲ್ಲಿದ್ದು ನಿಲ್ಲುವುದಿಲ್ಲ. ಕಬ್ಬಿಣಕ್ಕೆ ಎರಡು ಕೋಟು ಎಪಾಕ್ಸಿ ಪೇಂಟು. ಸ್ಪ್ರಿಂಗ್ ಹಾಕಿಸಿಲ್ಲ, ನಡೆಯುವ ವೇಗದಲ್ಲಿ ಹೋಗುವ ಗಾಡಿಗೆ ಅದು ದಂಡ. ಟೈರಿನ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಸಾಕು.

ಎಂಜಿನ್, ಪಂಪು ಈಗ ಮುಂದೆ, ಮೂಕಿಯ ಬುಡದಲ್ಲಿ. ಅಡಿಗೆ ಹಳೇ ಟೈರಿನ ತುಂಡು ಕತ್ತರಿಸಿ ಇಟ್ಟಿದ್ದೇನೆ, ಇಲ್ಲದಿದ್ದರೆ ಎಂಜಿನ್ ಅದುರಿ ಅದುರಿ ಬೋಲ್ಟುಗಳೆಲ್ಲ ಸಡಿಲ. ಎಲ್ಲ ಕೂರಿಸಿದ ಮೇಲೆ ಅಡಿಕೆ ತೂಗುವ ತಕ್ಕಡಿ ತಂದು ಮೂಕಿಯ ತುದಿ ಅದರ ಮೇಲೆ ಇಟ್ಟೆ. ಎರಡೂ ಡ್ರಮ್ಮು ತುಂಬಿದಾಗ 38 ಕೆಜಿ. ಹಿಂದಿನದು ಖಾಲಿ, ಮುಂದಿನದು ತುಂಬಿದಾಗ 72. ಮುಂದಿನದು ಖಾಲಿ, ಹಿಂದಿನದು ತುಂಬಿದಾಗ ಬರೀ 3! ಅಂದರೆ ಸ್ವಲ್ಪ ಏರು ಸಿಕ್ಕಿದರೂ ಮೂಕಿ ಎದ್ದುಬಿಡುತ್ತದೆ, ಹಳೇ ಕಥೆಯೇ. ಆದ್ದರಿಂದ ಯಾವಾಗಲೂ ಹಿಂದಿನ ಡ್ರಮ್ಮೇ ಮೊದಲು ಖಾಲಿ ಮಾಡಬೇಕು. ಕೆಲಸದವರು ಮರೆಯಬಾರದು ಅಂತ ಹಿಂದಿನ ಡ್ರಮ್ಮಿಗೆ ಪೇಂಟಿನಲ್ಲಿ ದೊಡ್ಡದಾಗಿ 1 ಅಂತ ಬರೆದಿದ್ದೇನೆ.

ಪಂಪಿನಿಂದ ವಾಪಸ್ ಬರುವ ಪೈಪನ್ನು ಡ್ರಮ್ಮಿನ ತಳದವರೆಗೆ ಇಳಿಸಿ, ತುದಿಗೆ ಒಂದು ಎಲ್ಬೋ ಹಾಕಿದೆ. ಆ ನೀರು ತಳದಲ್ಲಿ ಸುತ್ತು ತಿರುಗುವುದರಿಂದ ಬೋರ್ಡೋ ಕೆಳಗೆ ಕೂರುವುದಿಲ್ಲ, ಕೋಲಿನಲ್ಲಿ ಕದಡಲಿಕ್ಕೆ ಒಬ್ಬ ಆಳು ಬೇಡ. ಇಷ್ಟು ಸಣ್ಣ ವಿಷಯಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಹೋಸಿಗೆ ಸೈಕಲ್ ರಿಮ್ಮಿನ ರಾಟೆ. ಸುತ್ತಿದ ಹಾಗೇ ನೀರು ಹೋಗುವ ಜಾಯಿಂಟು ಸಿಗುತ್ತದೆ, ಬೆಲೆ ಕೇಳಿ ಬಿಟ್ಟುಬಿಟ್ಟೆ. ಹೋಸು ಪೂರ್ತಿ ಎಳೆದು ಆಮೇಲೆ ಪಂಪಿಗೆ ಸಿಕ್ಕಿಸುವುದು, ಏನೂ ನಷ್ಟ ಇಲ್ಲ.

ಬ್ರೇಕ್ ಇಲ್ಲ. ಅದಕ್ಕೆ ಮಾಡಿದ ಉಪಾಯ ಅಂದರೆ, ಇಳಿಜಾರಿನಲ್ಲಿ ಖಾಲಿ ಗಾಡಿ ಮಾತ್ರ ಇಳಿಸುವುದು. ಸ್ಪ್ರಿಂಕ್ಲರ್ ಪೈಪಿಗೆ ತೋಟದ ಒಳಗೇ ಮೂರು ಕಡೆ ಗೇಟ್‌ವಾಲ್ವ್ ಇದೆ, ಅಲ್ಲೇ ತುಂಬಿಸಿ ಅಲ್ಲೇ ಬೆರೆಸುತ್ತೇವೆ. 200 ಲೀಟರಿಗೆ ಎರಡು ಕೆಜಿ ಮೈಲುತುತ್ತು, ಎರಡು ಕೆಜಿ ಸುಣ್ಣ. ಮೈಲುತುತ್ತು ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ನೆಲದ ಮೇಲೆ, ಗಾಡಿಯಿಂದ ದೂರ ಕರಗಿಸಿ, ಸುಣ್ಣದ ನೀರಿಗೆ ಸುರಿಯುವುದು. ಸಂಜೆ ಗಾಡಿಗೂ ಪಂಪಿಗೂ ಒಳ್ಳೆ ನೀರಲ್ಲಿ ಸ್ನಾನ. ರಸ್ತೆಗೆ ಇದನ್ನು ತರುವುದಿಲ್ಲ, ತರಬೇಕಾದರೆ ನೋಂದಣಿ ಬೇಕು, ಆ ರಗಳೆ ನನಗೆ ಬೇಡ.

ಒಟ್ಟು ಖರ್ಚು 27 ಸಾವಿರ, ಡ್ರಮ್ಮು, ಎಂಜಿನ್ ಬಿಟ್ಟು. ಮೊದಲ ಗಾಡಿ ಗುಜರಿಗೆ ಹೋದಾಗ ಸ್ವಲ್ಪ ವಾಪಸ್ ಬಂತು, ಅದನ್ನು ಹೇಳಲಿಕ್ಕೆ ನಾಚಿಕೆ. ಇನ್ನೂ ಒಂದು ಬಾಕಿ ಇದೆ. ಮೂಕಿಗೆ ಹಾಕಿಸಿದ ಸ್ಟ್ಯಾಂಡು ಸಪೂರ ಆಯಿತು, ಮಳೆಗಾಲದ ಮಣ್ಣಿನಲ್ಲಿ ಗೇಣುದ್ದ ಹೂತುಹೋಗುತ್ತದೆ. ಸದ್ಯಕ್ಕೆ ಅಡಿಗೆ ಒಂದು ಮುರಕಲ್ಲಿನ ತುಂಡು ಇಡುತ್ತಿದ್ದೇವೆ, ಅದನ್ನೂ ಗಾಡಿಯಲ್ಲೇ ಹೊತ್ತುಕೊಂಡು ತಿರುಗುತ್ತೇವೆ.